ರೈಲಿನ ಜೊತೆ ಓಡಿ ಚಂದಾ ಎತ್ತಿದ್ದು

ಫೋಟೋ ನೋಡಿದ ಅಮ್ಮ ಫೋನ್ ಮಾಡಿ ಕೇಳಿದ ಮೊದಲ ಮಾತು: "ರೈಲು ತಪ್ಪಿ ಹೋಯ್ತಾ? ಐದು ನಿಮಿಷ ಮೊದಲೇ ಹೊರಡೋಕೆ ಏನಾಗಿತ್ತು ನಿಂಗೆ?"

ಅವಳ ತಪ್ಪಲ್ಲ. ಫೋಟೋ ಇದ್ದದ್ದೇ ಹಾಗೆ. ಒಂದು ಕಡೆ ಹೊಗೆ ಬಿಡುತ್ತಾ ಹೋಗುತ್ತಿರುವ ಪುಟ್ಟ ಉಗಿಬಂಡಿ. ಇನ್ನೊಂದು ಕಡೆ, ಬೇಲಿಯಾಚೆ, ಮೊಣಕಾಲ ತನಕ ಕೆಸರು ಬಳಿದುಕೊಂಡು ಬಾಯಿ ಬಿಟ್ಟು ಓಡುತ್ತಿರುವ ನಾನು. ಎದೆಗೆ ಪಿನ್ನು ಹಾಕಿದ್ದ ನಂಬರ್ ಚೀಟಿ ಅವಳ ಫೋನಿನ ಸಣ್ಣ ಪರದೆಯಲ್ಲಿ ಕಂಡಿರಲಿಲ್ಲ.

"ಅದು ಓಟದ ಸ್ಪರ್ಧೆ ಅಮ್ಮ. ರೈಲಿನ ಜೊತೆ."

"ಯಾರು ಗೆದ್ದರು?"

"ರೈಲು."

"ಮತ್ತೆ ಯಾಕೆ ಓಡಿದೆ?"

"ಚಂದಾ ಎತ್ತೋಕೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಊಟ ಆಯ್ತಾ ಅಂತ ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಕಥೆ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ರೈಲಿನಲ್ಲಿ ಮೂರೂವರೆ ನಾಲ್ಕು ಗಂಟೆ ಕೂತರೆ ವೇಲ್ಸ್‌ನ ಕಡಲ ತೀರದ ಟವಿನ್ ಎಂಬ ಊರು ಬರುತ್ತದೆ. ಆ ಊರಲ್ಲಿ ಇನ್ನೊಂದು ರೈಲು ಇದೆ. ಎರಡು ಅಡಿ ಮೂರು ಅಂಗುಲ ಅಗಲದ ಹಳಿ. ನಮ್ಮ ಹಳೆಯ ಮೀಟರ್ ಗೇಜಿಗಿಂತಲೂ ಸಣ್ಣದು. ಕಡಲ ಕಡೆಯಿಂದ ಬೆಟ್ಟದ ಕಡೆಗೆ ಏಳೂಕಾಲು ಮೈಲಿ ಹೋಗುತ್ತದೆ, ಅಷ್ಟೇ. ಹೆಸರು ಟಾಲಿಲಿನ್ ರೈಲ್ವೆ. ಈ ಹೆಸರನ್ನು ನಾನು ಬರೆದಂತೆ ಓದಿದರೆ ಅಲ್ಲಿನವರು ನಗುತ್ತಾರೆ. ವೆಲ್ಶ್ ಭಾಷೆಯಲ್ಲಿ ಎರಡು ಎಲ್ ಒಟ್ಟಿಗೆ ಬಂದರೆ ನಾಲಿಗೆಯನ್ನು 'ಲ' ಎನ್ನುವ ಜಾಗದಲ್ಲಿಟ್ಟು, ದನಿ ತೆಗೆಯದೆ, ಪಕ್ಕದಿಂದ ಗಾಳಿ ಬಿಡಬೇಕು. ಕನ್ನಡದವರಿಗೆ ಲ, ಳ ಎರಡೂ ಬರುತ್ತದೆ ಎಂಬ ಜಂಬ ನನಗಿತ್ತು. ಅದು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಈ ರೈಲು ಹುಟ್ಟಿದ್ದು 1860ರ ದಶಕದಲ್ಲಿ, ಬ್ರಿನ್ ಎಗ್ಲುವಿಸ್ ಎಂಬ ಗಣಿಯಿಂದ ಸ್ಲೇಟ್ ಕಲ್ಲು ಇಳಿಸುವುದಕ್ಕೆ. ಚಾವಣಿಗೆ ಹೊದಿಸುವ ಕಪ್ಪು ಕಲ್ಲಿನ ಹಲಗೆ ಇದೆಯಲ್ಲ, ಅದು. ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಎರಡೇ ಎಂಜಿನ್‌ಗಳಲ್ಲಿ ಕೆಲಸ ನಡೆಯಿತು. ಒಂದರ ಹೆಸರು 'ಟಾಲಿಲಿನ್', ಇನ್ನೊಂದು 'ಡೋಲ್ಗೋಖ್'. ಎರಡೂ ಈಗಲೂ ಇವೆ. 1946ರ ಕೊನೆಯಲ್ಲಿ ಗಣಿಯೊಳಗೆ ಕುಸಿತವಾಗಿ ಕೆಲಸ ನಿಂತಿತು. ಮಾಲೀಕ ಸರ್ ಹೇಡನ್ ಜೋನ್ಸ್ ಮಾತ್ರ ತಾನು ಬದುಕಿರುವವರೆಗೆ ರೈಲು ನಿಲ್ಲಿಸುವುದಿಲ್ಲ ಎಂದು ಹಠ ಹಿಡಿದ. ನಷ್ಟದಲ್ಲೇ ಓಡಿಸಿದ. 1950ರ ಜುಲೈಯಲ್ಲಿ ತೀರಿಕೊಂಡ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟಾಮ್ ರೋಲ್ಟ್ ಎಂಬಾತ ಮತ್ತು ಅವನ ಗೆಳೆಯರು ಒಂದು ಹೋಟೆಲ್‌ನಲ್ಲಿ ಸಭೆ ಕರೆದರು. ನಾವೇ ಸಂಬಳ ಇಲ್ಲದೆ ಈ ರೈಲು ನಡೆಸೋಣ ಎಂದರು. ಆ ಹೋಟೆಲ್ ಇದ್ದದ್ದು ನಾನಿರುವ ಬರ್ಮಿಂಗ್‌ಹ್ಯಾಮ್‌ನಲ್ಲೇ. 1951ರ ಮೇ 14ಕ್ಕೆ ಅವರ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಕೈಗೆತ್ತಿಕೊಂಡು ಉಳಿಸಿದ ಜಗತ್ತಿನ ಮೊದಲ ರೈಲು ಅದು. ಆಗ ಹಳಿಯನ್ನು ಹಿಡಿದಿಟ್ಟದ್ದು ಮೊಳೆಯಲ್ಲ, ಹುಲ್ಲು ಎಂದು ಈಗಲೂ ತಮಾಷೆ ಮಾಡುತ್ತಾರೆ.

ನಾನು ಮೊದಲು ಹೋದದ್ದು ಸುಮ್ನೆ, ಮಗಳನ್ನು ಕರೆದುಕೊಂಡು. ಡಬ್ಬಿಯೊಳಗೆ ಕೂತ ಮೇಲೆ ಅವಳು ಕೇಳಿದಳು, "ಅಪ್ಪಾ, ಈ ಕಡೆ ಬಾಗಿಲೇ ಇಲ್ವಲ್ಲ?" ನಿಜ, ಬಾಗಿಲು ಒಂದೇ ಬದಿಗೆ. ಗಾರ್ಡ್ ಕೆಲಸದಲ್ಲಿದ್ದ ಹಿರಿಯರು ಕಾರಣ ಹೇಳಿದರು. 1866ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅಳೆದಾಗ ರಸ್ತೆ ಸೇತುವೆಗಳು ತೀರಾ ಇಕ್ಕಟ್ಟು ಎಂದು ಗೊತ್ತಾಯಿತಂತೆ. ಸೇತುವೆ ಕೆಳಗೆ ಬಂಡಿ ನಿಂತರೆ ಬಾಗಿಲು ತೆಗೆದು ಇಳಿಯಲು ಜಾಗವಿಲ್ಲ. ಸೇತುವೆ ಒಡೆದು ಕಟ್ಟುವವರು ಯಾರು? ಒಂದು ಬದಿಯ ಬಾಗಿಲುಗಳನ್ನು ಕಾಯಂ ಮುಚ್ಚಿದರು. ಸೇತುವೆ ಕೆಳಗೆ ಹಳಿಯನ್ನು ಆ ಬದಿಗೆ ಸರಿಸಿದರು. ಇನ್ನೊಂದು ಬದಿಗೆ ಜಾಗ ಆಯಿತು. ನೂರೈವತ್ತು ವರ್ಷ ದಾಟಿದರೂ ಅದೇ ವ್ಯವಸ್ಥೆ. ಇಂಥ ಜುಗಾಡ್ ನಮ್ಮವರಿಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದ ನನಗೆ ಆ ರೈಲಿನ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ಇನ್ನೊಂದು ಕಾರಣವೂ ಇದೆ. ನನ್ನದು ಸಾಗರ. ಶಿವಮೊಗ್ಗ ತಾಳಗುಪ್ಪ ಮೀಟರ್ ಗೇಜ್ ಹಳಿಯ ಮೇಲೆ ಒಂದು ಕಾಲದಲ್ಲಿ ರೈಲ್ ಬಸ್ ಓಡುತ್ತಿತ್ತು. ಬಸ್ಸಿನ ಮುಖ, ರೈಲಿನ ಕಾಲು. ಅದು ಸ್ಟೇಷನ್ ಬಿಟ್ಟು ವೇಗ ಹಿಡಿಯುವುದರೊಳಗೆ ನಾವು ಹುಡುಗರು ಪಕ್ಕದ ದಾರಿಯಲ್ಲಿ ಓಡಿ ಅದನ್ನು ಹಿಂದೆ ಹಾಕುತ್ತಿದ್ದೆವು. ಇನ್ನೂರು ಗಜ ಗೆದ್ದರೆ ಸಾಕು, ಆ ದಿನದ ಹೀರೋ. ರೈಲನ್ನು ಓಟದಲ್ಲಿ ಸೋಲಿಸಬಹುದು ಎಂಬ ಕೆಟ್ಟ ನಂಬಿಕೆ ನನ್ನ ತಲೆಯಲ್ಲಿ ಕೂತದ್ದು ಅಲ್ಲಿಂದ.

ಆ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಟವಿನ್‌ಗೆ ಹೋಗತೊಡಗಿದೆ. ಹಳಿ ಪಕ್ಕದ ಮುಳ್ಳುಗಂಟಿ ಕಡಿಯುವುದು, ಚರಂಡಿಯ ಎಲೆ ಎತ್ತುವುದು. ಎಂಜಿನ್ ಮುಟ್ಟಲು ಯಾರೂ ಬಿಡುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಕಲಿಯಬೇಕು. ಮೊದಲು ಎಂಜಿನ್ ಒರೆಸುವವನಾಗಬೇಕು, ಆಮೇಲೆ ಬೆಂಕಿ ಹಾಕುವವನು, ಕೊನೆಗೆ ಡ್ರೈವರ್. ನಾನು ಒರೆಸುವ ಹಂತಕ್ಕೂ ಹೋಗಿಲ್ಲ.

ಟೀ ಕುಡಿಯುವಾಗ ಅಲ್ಲಿನವರ ಮಾತು ಹತ್ತು ನಿಮಿಷದಲ್ಲಿ ದುಡ್ಡಿನ ಕಡೆ ತಿರುಗುತ್ತದೆ. ಬಾಯ್ಲರನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ನೋಡಬೇಕು. ಅದರೊಳಗಿನ ಕೊಳವೆಗಳನ್ನು ಬದಲಾಯಿಸಬೇಕು. ಹಳಿಯ ಕೆಳಗಿನ ಮರದ ದಿಮ್ಮಿ, ಸ್ಲೀಪರ್, ಕೊಳೆಯುತ್ತದೆ. ಇನ್ನು ಕಲ್ಲಿದ್ದಲು. ವೇಲ್ಸ್ ಅಂದರೆ ಕಲ್ಲಿದ್ದಲು ಎಂದು ನಾವು ಶಾಲೆಯಲ್ಲಿ ಓದಿದ್ದೆವು ಅಲ್ವಾ? ಅಲ್ಲಿನ ಕೊನೆಯ ದೊಡ್ಡ ತೆರೆದ ಗಣಿ, ಫೋಸ್ ಎ ಫ್ರಾನ್, 2023ರ ನವೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. ಈಗ ಉಗಿಬಂಡಿಗಳಿಗೆ ಹೊರದೇಶದಿಂದ ಕಲ್ಲಿದ್ದಲು ಬರಬೇಕು.

ಟಿಕೆಟ್ ದುಡ್ಡಿನಿಂದ ಮಾತ್ರ ಇದೆಲ್ಲ ಆಗುವುದಿಲ್ಲ. ಹಾಗಾಗಿ ಬ್ರಿಟನ್ನಿನ ಇಂಥ ರೈಲುಗಳವರು ಚಂದಾ ಎತ್ತಲು ಕಂಡುಹಿಡಿದ ಉಪಾಯಗಳನ್ನು ನೋಡಿದರೆ ನಮ್ಮ ಗಣೇಶೋತ್ಸವ ಸಮಿತಿಯವರು ಕೂಡ ತಲೆಬಾಗಬೇಕು. ಬಾಯ್ಲರ್ ಕೊಳವೆಯೊಂದನ್ನು ನಿಮ್ಮ ಹೆಸರಿನಲ್ಲಿ ಕೊಡಿಸಬಹುದು. ಡಿಸೆಂಬರ್‌ನಲ್ಲಿ ಸಾಂಟಾ ರೈಲು, ಬೇಸಿಗೆಯಲ್ಲಿ ಬಿಯರ್ ಹಬ್ಬ. ಹೊಸದಾಗಿ 'ಟೊರ್ನಾಡೊ' ಎಂಬ ಉಗಿ ಎಂಜಿನ್ ಕಟ್ಟಲು 1990ರಲ್ಲಿ ಹೊರಟವರು ಜನರ ಹತ್ತಿರ ಕೇಳಿದ್ದು ವಾರಕ್ಕೆ ಒಂದು ಪೈಂಟ್ ಬಿಯರಿನ ಬೆಲೆಯಷ್ಟು ದುಡ್ಡು. ಹಾಗೆ ಹನಿ ಹನಿ ಕೂಡಿಸಿ, 2008ರಲ್ಲಿ ಅದನ್ನು ಹಳಿಯ ಮೇಲೆ ಓಡಿಸಿಯೇ ಬಿಟ್ಟರು. ತಗುಲಿದ್ದು ಸುಮಾರು 30 ಲಕ್ಷ ಪೌಂಡ್. ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆಯದು ಇನ್ನೂ ಮಜಾ. ಅವರ ಹಳೆಯ ಹಳಿಯ ದಾರಿಯಲ್ಲಿ, ಗುಡ್ಡ ಕಡಿದು ಮಾಡಿದ ಒಂದು ಆಳವಾದ ಕೊರಕಲಿತ್ತು. ರೈಲು ನಿಂತ ಮೇಲೆ ಊರಿನ ಕಸವನ್ನೆಲ್ಲ ಅದಕ್ಕೆ ತುಂಬಿಬಿಟ್ಟಿದ್ದರು. ಆ ಕಸ ತೆಗೆಯಲು ಹತ್ತು ಪೌಂಡ್ ಕೊಡಿ ಎಂದು ಜನರನ್ನು ಕೇಳಿದರು. ಯೋಚಿಸಿ, ಯಾರೋ ಎಸೆದ ಹಳೆಯ ಕಸ ಎತ್ತಲು ಚಂದಾ! ಜನ ಕೊಟ್ಟರು. ಕಸವನ್ನು ರೈಲಿನಲ್ಲೇ ತುಂಬಿ ಸಾಗಿಸಿದರು. 2013ರ ಮಾರ್ಚ್‌ನಲ್ಲಿ ಅದೇ ದಾರಿಯಲ್ಲಿ ಈಸ್ಟ್ ಗ್ರಿನ್‌ಸ್ಟೆಡ್‌ಗೆ ರೈಲು ಹೋಯಿತು.

ಎಂಜಿನ್ ಎಳೆಯುವ ಸ್ಪರ್ಧೆಯನ್ನೂ ಒಂದು ಕಡೆ ನೋಡಿದ್ದೇನೆ. ದಪ್ಪ ಹಗ್ಗ, ಎರಡು ಸಾಲಿನಲ್ಲಿ ಜನ, ಹಿಂದೆ ಹತ್ತಾರು ಟನ್ನಿನ ಎಂಜಿನ್. ನೋಡುತ್ತಾ ನಿಂತ ನನಗೆ ರಥಬೀದಿಯೇ ನೆನಪಾಯಿತು. ವ್ಯತ್ಯಾಸ ಒಂದೇ. ರಥವನ್ನು ಉದ್ದಕ್ಕೂ ಎಳೆಯುತ್ತಲೇ ಇರಬೇಕು. ಎಂಜಿನ್ ಅಲುಗಾಡುವವರೆಗೆ ಮಾತ್ರ ಕಷ್ಟ. ಉಕ್ಕಿನ ಮೇಲೆ ಉಕ್ಕು ಉರುಳತೊಡಗಿತು ಎಂದರೆ ಅದೇ ಬೆನ್ನು ಹತ್ತುತ್ತದೆ. ಅದಕ್ಕೇ ಒಬ್ಬ ಒಳಗೆ ಕೂತು ಬ್ರೇಕ್ ಹಿಡಿದಿರುತ್ತಾನೆ. ಎಳೆಯುವವರಿಗೆ ಚಪ್ಪಾಳೆ. ಜೀವ ಉಳಿಸುವ ಅವನ ಕಡೆ ಯಾರೂ ನೋಡುವುದಿಲ್ಲ.

ಟವಿನ್‌ನ ಓಟ ಶುರುವಾದದ್ದು 1984ರಲ್ಲಿ. ಊರಿನ ರೋಟರಿ ಕ್ಲಬ್‌ನವರು ಹುಟ್ಟುಹಾಕಿದ್ದು. ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತದೆ. ಉಗಿಬಂಡಿ ಟವಿನ್‌ನಿಂದ ಬೆಟ್ಟದ ಕಡೆಯ ಅಬರ್‌ಗನೋಲ್ವಿನ್ ಎಂಬ ಸ್ಟೇಷನ್‌ಗೆ ಹೋಗಿ ವಾಪಸ್ ಬರುತ್ತದೆ. ನೀವು ಹೊಲ, ಗದ್ದೆ, ಬೆಟ್ಟದ ಓರೆಯಲ್ಲಿ ಓಡಿ ಹೋಗಿ ವಾಪಸ್ ಬರಬೇಕು. ಸುಮಾರು 14 ಮೈಲಿ. ರೈಲಿಗೆ ಬೇಕಾಗುವುದು ಒಂದೂಮುಕ್ಕಾಲು ಗಂಟೆಯ ಆಸುಪಾಸು. ಅಷ್ಟು ನಿಧಾನದ ರೈಲನ್ನು ಸೋಲಿಸುವುದೇನು ಮಹಾ ಎಂದು ನಿಮಗೂ ಅನಿಸಬಹುದು. ನನಗೂ ಅನಿಸಿತ್ತು.

ಓಟದಿಂದ ಬಂದ ದುಡ್ಡು ಊರಿನ ಒಳ್ಳೆಯ ಕೆಲಸಗಳಿಗೆ ಹೋಗುತ್ತದೆ. ಓಡುವವರ ಮನೆಮಂದಿ ರೈಲು ಹತ್ತಿ ಬರುವುದರಿಂದ ರೈಲಿಗೂ ಅವತ್ತು ಟಿಕೆಟ್ ಆದಾಯ. ಇದಲ್ಲದೆ ಓಡುವವರು ತಮಗೆ ಬೇಕಾದ ಸಂಸ್ಥೆಗೆ ಸ್ವಂತವಾಗಿ ಚಂದಾ ಎತ್ತಬಹುದು. ನಾನು ರೈಲಿನ ಸಂರಕ್ಷಣಾ ಸೊಸೈಟಿಗೇ ಎತ್ತುತ್ತೇನೆ ಎಂದುಕೊಂಡೆ. ಜನವರಿಯ ಒಂದು ರಾತ್ರಿ, ಊಟ ಜಾಸ್ತಿಯಾಗಿ ಸೋಫಾದ ಮೇಲೆ ಬಿದ್ದುಕೊಂಡಿದ್ದಾಗ ಹೆಸರು ಕೊಟ್ಟೆ. ಇಂಥ ನಿರ್ಧಾರಗಳೆಲ್ಲ ಹೊಟ್ಟೆ ತುಂಬಿದಾಗಲೇ ಆಗುವುದು.

ಓಡುವುದಕ್ಕಿಂತ ಕೇಳುವುದು ಕಷ್ಟ ಎಂದು ಗೊತ್ತಾದದ್ದು ಆಮೇಲೆ.

ಆಫೀಸಿನಲ್ಲಿ ತೊಂದರೆ ಇರಲಿಲ್ಲ. ಅಲ್ಲಿ ಯಾರಾದರೂ ಒಬ್ಬರು ಯಾವಾಗಲೂ ಏನಾದರೂ ಮಾಡುತ್ತಲೇ ಇರುತ್ತಾರೆ. ಒಬ್ಬ ಮೀಸೆ ಬೆಳೆಸುತ್ತಾನೆ, ಒಬ್ಬಳು ತಲೆ ಬೋಳಿಸುತ್ತಾಳೆ. ದುಡ್ಡು ಕೊಡುವುದು ಒಂದು ಅಭ್ಯಾಸ. ನಾನು ಲಿಂಕ್ ಕಳಿಸಿದೆ, ಐದು ಹತ್ತು ಪೌಂಡ್ ಬಂತು. ಅಡುಗೆಮನೆಯಲ್ಲಿ ಒಂದು ಡಬ್ಬಿ ಚಕ್ಕುಲಿ ಇಟ್ಟು ಪಕ್ಕದಲ್ಲಿ ಹುಂಡಿ ಇಟ್ಟೆ. ಎರಡು ಸಲ ಖಾಲಿಯಾಯಿತು. ಮೂರನೇ ಸಲ ಖಾರ ಜಾಸ್ತಿ ಹಾಕಿದ ಹೆಂಡತಿ, "ಇದು ಕೊನೇ ಸಲ" ಎಂದಳು.

ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಕಥೆಯೇ ಬೇರೆ. ಲಿಂಕ್ ಹಾಕಿದ ತಕ್ಷಣ ಬಂದದ್ದು ಮೂರು ಹೆಬ್ಬೆರಳು, ಎರಡು ಕೈಮುಗಿದ ಚಿತ್ರ. ದುಡ್ಡು ಸೊನ್ನೆ. ರಾತ್ರಿ ಒಬ್ಬ ಬರೆದ: "ಇಂಗ್ಲೆಂಡಿನವರ ರೈಲಿಗೆ ನಾವು ಚಂದಾನಾ? ಇಲ್ಲಿಂದ ತಗೊಂಡು ಹೋಗಿದ್ದು ಸಾಕಾಗ್ಲಿಲ್ವಂತಾ?"

ಇಂಗ್ಲೆಂಡ್ ಅಲ್ಲ, ವೇಲ್ಸ್ ಎಂದೆ. ಗಣಿ ಕೆಲಸದವರ ರೈಲು ಎಂದೆ. ಯುನೆಸ್ಕೋ 2021ರಲ್ಲಿ ಆ ಸ್ಲೇಟ್ ನಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಅದರಲ್ಲಿ ಈ ರೈಲೂ ಇದೆ ಎಂದೆ. ಯುನೆಸ್ಕೋ ಎಂದ ಮೇಲೆ ಗುಂಪು ಪೂರ್ತಿ ತಣ್ಣಗಾಯಿತು. ಯಾರಿಗೂ ಪಾಠ ಬೇಕಿರಲಿಲ್ಲ.

ಎರಡು ವಾರ ಬಿಟ್ಟು ಬೇರೆ ರೀತಿಯಲ್ಲಿ ಬರೆದೆ. ಇದ್ದದ್ದು ಇಷ್ಟೇ: "ನಾನು ರೈಲಿನ ಜೊತೆ ಓಡುತ್ತೇನೆ. ನಾನು ಗೆದ್ದರೆ ನೀವು ಇಪ್ಪತ್ತು ಪೌಂಡ್ ಕೊಡಿ. ಸೋತರೆ ಹತ್ತು." ಐದು ನಿಮಿಷಕ್ಕೆ ಗುಂಪಿಗೆ ಜೀವ ಬಂತು. ಒಬ್ಬ ನನ್ನ ಹೊಟ್ಟೆಯ ಹಳೇ ಫೋಟೋ ಹಾಕಿದ. ಇನ್ನೊಬ್ಬ, "ಸೋತರೆ ಐವತ್ತು, ಗೆದ್ದರೆ ಐದು" ಎಂದ. ಅವನ ಲೆಕ್ಕ ಗಟ್ಟಿ. ಮೊದಲು ಬೈದಿದ್ದವನೇ ಬಂದು, "ಅರ್ಧದಲ್ಲಿ ರೈಲು ಹತ್ತಿದರೆ ನೂರು, ವಿಡಿಯೋ ಬೇಕು" ಎಂದು ಬರೆದ. ಪರಂಪರೆ ಉಳಿಸಿ ಎಂದಾಗ ಮುಚ್ಚಿದ್ದ ಚೀಲ, ನನ್ನನ್ನು ನೋಡಿ ನಗಿ ಎಂದಾಗ ತೆರೆಯಿತು. ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಈ ಎಂಜಿನ್ ಎಳೆಯುವುದು, ತಲೆ ಬೋಳಿಸುವುದು ಎಲ್ಲದರ ಗುಟ್ಟೂ ಅಲ್ಲೇ ಇದೆ. ಕೇಳುವವನು ಮೊದಲು ನಗೆಪಾಟಲಾಗಬೇಕು. ಆಗ ಕೊಡುವವನಿಗೆ ಭಾರ ಅನಿಸುವುದಿಲ್ಲ.

ಒಂದು ಉಪಯೋಗದ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಗಿಫ್ಟ್ ಏಡ್ ಎಂಬುದೊಂದಿದೆ. ಚಂದಾ ಕೊಡುವವರು ಇಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದು, ಹೆಸರು ವಿಳಾಸ ಬರೆದು ಒಪ್ಪಿಗೆ ಕೊಟ್ಟರೆ, ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಅಂದರೆ ಹತ್ತು ಪೌಂಡ್ ಹೋಗಿ ಹನ್ನೆರಡೂವರೆ ಆಗುತ್ತದೆ. ಆದರೆ ಆ ಚೌಕಕ್ಕೆ ಟಿಕ್ ಹಾಕಬೇಕು. ನಮ್ಮವರಲ್ಲಿ ಅರ್ಧ ಜನ ಟಿಕ್ ಹಾಕಿರಲಿಲ್ಲ. ಟ್ಯಾಕ್ಸ್‌ನವರಿಗೆ ಯಾಕೆ ನಮ್ಮ ವಿಳಾಸ ಎಂಬ ಭಯ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕಾಯಿತು. ಹುಂಡಿಗೆ ಬಿದ್ದ ಚಿಲ್ಲರೆ, ಚಕ್ಕುಲಿಗೆ ಕೊಟ್ಟ ದುಡ್ಡು ಈ ಲೆಕ್ಕಕ್ಕೆ ಬರುವುದಿಲ್ಲ. ಚಕ್ಕುಲಿ ತಿಂದ ಮೇಲೆ ಅದು ದಾನವಲ್ಲ, ವ್ಯಾಪಾರ. ನ್ಯಾಯವೇ.

ಸಾಗರದ ಮಾವನಿಗೆ ವಿಷಯ ಗೊತ್ತಾಗಿ ಐನೂರು ರೂಪಾಯಿ ಹಾಕುತ್ತೇನೆ ಎಂದರು. ಆನ್‌ಲೈನ್ ಪೇಜ್ ಅವರ ಕಾರ್ಡನ್ನು ಮೂರು ಸಲ ವಾಪಸ್ ಕಳಿಸಿತು. ನಾಲ್ಕನೇ ಸಲ ಒಟಿಪಿ ಬಂತು, ಪೇಜ್ ಹೋಯಿತು. ಕೊನೆಗೆ ಅವರ ಹೆಸರಲ್ಲಿ ನಾನೇ ಹಾಕಿದೆ. "ನಿನ್ನ ಸಾಲ ಇಟ್ಕೊಳ್ಳಲ್ಲ" ಎಂದು ಅವರು ಅಮ್ಮನ ಮನೆಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದರು. ವ್ಯವಹಾರದಲ್ಲಿ ಲಾಭ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ.

ಅಭ್ಯಾಸದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಕಾಲುವೆ ದಂಡೆಗಳಲ್ಲಿ ಓಡಿದೆ. ಅದು ಸಮತಟ್ಟು, ಪಕ್ಕದಲ್ಲಿ ಬಾತುಕೋಳಿ, ದಾರಿಯಲ್ಲಿ ಕಾಫಿ ಅಂಗಡಿ. ಹದಿಮೂರು ಮೈಲಿ ಓಡಿದ ದಿನ ಎರಡು ಗಂಟೆ ಐದು ನಿಮಿಷ ಬಂತು. ಇನ್ನೊಂದಿಷ್ಟು ಒತ್ತಿದರೆ ರೈಲಿನ ಹತ್ತಿರ ಹತ್ತಿರ ಎಂದು ಲೆಕ್ಕ ಹಾಕಿದೆ. ಕಾಲುವೆ ದಂಡೆಯಲ್ಲಿ ಕುರಿ ಇರುವುದಿಲ್ಲ, ಕೆಸರು ಇರುವುದಿಲ್ಲ ಎಂಬುದು ಲೆಕ್ಕದಲ್ಲಿ ಇರಲಿಲ್ಲ.

ಓಟದ ದಿನ ಬೆಳಗ್ಗೆ ಮಳೆ ಬಂದು ನಿಂತಿತ್ತು. ಟವಿನ್ ವಾರ್ಫ್ ಸ್ಟೇಷನ್ ಹತ್ತಿರ ನೂರಾರು ಜನ. ಜಾತ್ರೆಯ ಹಾಗೆ. ಹೆಂಡತಿ, ಮಗಳು ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದಿದ್ದರು. ಎಂಜಿನ್ ಸುಮ್ಮನೆ ನಿಂತು ಉಸಿರಾಡುತ್ತಿತ್ತು. ಬಿಸಿ ಎಣ್ಣೆ, ಹೊಗೆ, ಒದ್ದೆ ಕಬ್ಬಿಣ ಎಲ್ಲ ಸೇರಿದ ವಾಸನೆ. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬೂಟಿನ ಲೇಸಿನ ಮೇಲೆ ಟೇಪ್ ಸುತ್ತುತ್ತಿದ್ದರು. ಯಾಕೆ ಎಂದು ಕೇಳಿದೆ. "ಹೊಲದಲ್ಲಿ ಗೊತ್ತಾಗುತ್ತೆ" ಎಂದರು. ನಕ್ಕು ಸುಮ್ಮನಾದೆ.

ಸೀಟಿ ಊದಿತು. ರೈಲೂ ಹೊರಟಿತು, ನಾವೂ ಹೊರಟೆವು.

ಮೊದಲ ಒಂದು ಮೈಲಿ ಊರಿನ ರಸ್ತೆ. ಅಲ್ಲಿ ನಾನು ರೈಲಿಗಿಂತ ಮುಂದಿದ್ದೆ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮನೆಯ ಮುಂದೆ ಕುರ್ಚಿ ಹಾಕಿ ಕೂತ ಅಜ್ಜಂದಿರು ಚಪ್ಪಾಳೆ ತಟ್ಟಿದರು. ಸಾಗರದ ಆ ಇನ್ನೂರು ಗಜ ನೆನಪಾಯಿತು. ಆಮೇಲೆ ಒಂದು ಗೇಟು ಬಂತು, ಗೇಟಿನಾಚೆ ಹೊಲ, ಹೊಲದ ತುಂಬ ಹಿಂದಿನ ರಾತ್ರಿಯ ಮಳೆ. ಸಾವಿರ ಬೂಟುಗಳು ಕಲಸಿದ ಕೆಸರು. ಮಲೆನಾಡಿನವನಿಗೆ ಕೆಸರು ಹೊಸದಲ್ಲ ಎಂದು ಧೈರ್ಯವಾಗಿ ಕಾಲಿಟ್ಟೆ. ಮಲೆನಾಡಿನಲ್ಲಿ ನಾವು ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುತ್ತೇವೆ ಎಂಬುದು ಮರೆತಿತ್ತು. ಎಡಗಾಲು ಮೇಲೆ ಬಂತು, ಬೂಟು ಬರಲಿಲ್ಲ.

ಒಂಟಿ ಕಾಲಲ್ಲಿ ನಿಂತು, ಕೈ ಹಾಕಿ, ಮೊಣಕೈವರೆಗೆ ಕೆಸರಿನಲ್ಲಿ ಹುಡುಕಿದೆ. ಹಿಂದಿನಿಂದ ಬಂದ ಹುಡುಗನೊಬ್ಬ ನನ್ನ ಭುಜ ಹಿಡಿದು ನಿಲ್ಲಿಸಿ, "ನಿಧಾನ, ನಿಧಾನ" ಎಂದು ಹೇಳಿ, ಬೂಟು ಸಿಕ್ಕಿದ ಮೇಲೆ ಓಡಿ ಹೋದ. ಅದೇ ಹೊತ್ತಿಗೆ ಪಕ್ಕದಲ್ಲಿ ರೈಲು ಬಂತು. ಎಲ್ಲ ಕಿಟಕಿಗಳಿಂದ ಜನ ಕೈ ಬೀಸುತ್ತಿದ್ದಾರೆ, ಕೂಗುತ್ತಿದ್ದಾರೆ. ಒಂದು ಕಿಟಕಿಯಿಂದ ಅಚ್ಚ ಕನ್ನಡದಲ್ಲಿ ಕೇಳಿಸಿತು: "ಅಪ್ಪಾ, ಶೂ ಹಾಕ್ಕೋ!" ಆ ಫೋಟೋ ತೆಗೆದದ್ದು ಆಗಲೇ, ಬೂಟು ಹಾಕಿಕೊಂಡು ಮತ್ತೆ ಓಡಲು ಶುರುಮಾಡಿದಾಗ.

ದಾರಿಯಲ್ಲಿ ಸಿಗುವ ಡೋಲ್ಗೋಖ್ ಎಂಬ ಸ್ಟೇಷನ್ ಹತ್ತಿರ ಮತ್ತೆ ಆಸೆ ಹುಟ್ಟಿತು. ಅಲ್ಲಿ ಹಳ್ಳದ ಮೇಲೆ ಇಟ್ಟಿಗೆಯ ಮೂರು ಕಮಾನಿನ ಸೇತುವೆ ಇದೆ, 51 ಅಡಿ ಎತ್ತರ. ಅದರಾಚೆ ಎಂಜಿನ್ ನಿಂತು ನೀರು ಕುಡಿಯುತ್ತದೆ. ಉಗಿಬಂಡಿಯ ದೌರ್ಬಲ್ಯ ಅದೊಂದೇ. ಬೆಟ್ಟದ ನೀರು ತೊಟ್ಟಿಯಿಂದ ಕೊಳವೆಯಲ್ಲಿ ಇಳಿದು ಎಂಜಿನ್ನಿನ ಹೊಟ್ಟೆ ತುಂಬುವವರೆಗೆ ಅದು ಕದಲುವ ಹಾಗಿಲ್ಲ. ನಾನೂ ನೀರು ಕುಡಿಯಲು ನಿಂತೆ. ತಪ್ಪು ಮಾಡಿದೆ. ಮೊದಲು ಮುಗಿಸಿದ್ದು ಅದು.

ಅಬರ್‌ಗನೋಲ್ವಿನ್‌ನಲ್ಲಿ ತಿರುಗಿದ ಮೇಲೆ ದಾರಿ ಬೆಟ್ಟದ ಓರೆಗೆ ಏರುತ್ತದೆ. ಒಂದು ಪಾದ ಅಗಲದ ಕಾಲುದಾರಿ. ಒಂದು ಕಾಲು ಯಾವಾಗಲೂ ಮೇಲೆ, ಒಂದು ಕೆಳಗೆ. ಕಂಬಳದ ಗದ್ದೆಯನ್ನು ಎತ್ತಿ ಓರೆಯಾಗಿ ನಿಲ್ಲಿಸಿದ ಹಾಗೆ. ಮುಂದಿದ್ದವರು ನಡೆದರೆ ನಾವೂ ನಡೆಯಬೇಕು. ಅಲ್ಲಿ ನಡೆಯುವ ನೆಪ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಕೆಳಗೆ ಕಣಿವೆಯಲ್ಲಿ ಬಿಳಿ ಹೊಗೆಯ ಒಂದು ಎಳೆ ಕಡಲ ಕಡೆಗೆ ಹೋಗುತ್ತಿತ್ತು. ಎಷ್ಟು ಚೆಂದ ಎಂದುಕೊಂಡೆ. ಆಮೇಲೆ ಹೊಳೆಯಿತು, ಅದು ನನ್ನನ್ನು ಬಿಟ್ಟು ಹೋಗುತ್ತಿರುವ ರೈಲು.

ಹನ್ನೊಂದನೇ ಮೈಲಿಯಲ್ಲಿ ಮೀನಖಂಡ ಹಿಡಿದುಕೊಂಡಿತು. ಬೇಲಿಯ ಕಂಬ ಹಿಡಿದು ನಿಂತೆ. ಕುರಿಯೊಂದು ಹತ್ತಿರ ಬಂದು ನೋಡಿ ಹೋಯಿತು. ಲೇಸಿಗೆ ಟೇಪ್ ಸುತ್ತಿದ್ದ ಆ ಹೆಂಗಸು ಅಲ್ಲೇ ನನ್ನನ್ನು ದಾಟಿದರು. ದಾಟುವಾಗ ನನ್ನ ಕಾಲಿನ ಕಡೆ ನೋಡಿದರು, ಏನೂ ಹೇಳಲಿಲ್ಲ. ಅದು ಅವರ ದೊಡ್ಡತನ.

ಎರಡು ಗಂಟೆ ಮೂವತ್ತೆಂಟು ನಿಮಿಷ. ಓಟ ಮುಗಿಯುವ ಮೈದಾನಕ್ಕೆ ಬಂದಾಗ ರೈಲಿನವರೆಲ್ಲ ಇಳಿದು, ಟೀ ಕುಡಿದು, ಮಾತು ಮುಗಿಸಿದ್ದರು. "ನಾನು ಎರಡು ಐಸ್‌ಕ್ರೀಮ್ ತಿಂದೆ" ಎಂದು ಮಗಳು ವರದಿ ಒಪ್ಪಿಸಿದಳು. ಅವಳ ಪ್ರಕಾರ ನಾನು ಒಂದು ಐಸ್‌ಕ್ರೀಮ್‌ನಷ್ಟು ತಡವಾಗಿದ್ದರೆ ಪರವಾಗಿಲ್ಲ, ಎರಡು ಜಾಸ್ತಿ.

ವಸೂಲಿ ಮಾಡಲು ಮೂರು ವಾರ ಹಿಡಿಯಿತು. ಮಾತು ಕೊಟ್ಟವರಲ್ಲಿ ನಾಲ್ಕು ಜನಕ್ಕೆ ಎರಡು ಸಲ ನೆನಪಿಸಬೇಕಾಯಿತು. ಒಬ್ಬನಿಗೆ ಐದು ಸಲ. ಐವತ್ತು ಪೌಂಡ್‌ನವನು ಮಾತ್ರ ಅವತ್ತು ಸಂಜೆಯೇ ಹಾಕಿಬಿಟ್ಟ, ಜೊತೆಗೆ "ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು" ಎಂಬ ಮೆಸೇಜು. ಚಕ್ಕುಲಿ, ಹುಂಡಿ, ಲಿಂಕ್ ಎಲ್ಲ ಸೇರಿ 540 ಪೌಂಡ್ ಆಯಿತು. ಗಿಫ್ಟ್ ಏಡ್ ಬೇರೆ. ಒಂದು ರೈಲಿನ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಯಾರಾದರೂ ಸಿರಿವಂತ ಒಂದೇ ಚೆಕ್ ಬರೆದರೆ ಇಂಥ ನೂರು ಓಟದ ದುಡ್ಡು ಬಂದುಬಿಡುತ್ತದೆ. ಆದರೆ ಆ ವಾಟ್ಸ್‌ಆ್ಯಪ್ ಗುಂಪಿನಿಂದ ಎರಡು ಮನೆಯವರು ಅಕ್ಟೋಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಟವಿನ್‌ಗೆ ಹೋಗಿ ಬಂದರು. ಚಂದಾ ಹಾಕಿದ್ದೇವೆ, ಏನಿದೆ ನೋಡೋಣ ಎಂದು. ಬಾಗಿಲಿಲ್ಲದ ಬದಿಯ ಫೋಟೋ ಹಾಕಿದ್ದರು. ಇಂಗ್ಲೆಂಡಿನವರ ರೈಲು ಎಂದಿದ್ದವನು ಅದರಲ್ಲಿ ಎಂಜಿನ್ ಪಕ್ಕ ನಿಂತಿದ್ದ.

ಮಾವ ಆಮೇಲೊಮ್ಮೆ ಫೋನಿನಲ್ಲಿ ಕೇಳಿದರು, "ನಮ್ಮ ರೈಲ್ ಬಸ್ಸಿಗೂ ಹೀಗೆ ಯಾರಾದ್ರೂ ಓಡಿದ್ರೆ ಉಳೀತಿತ್ತೇನೋ?"

"ಉಳಿದಿದ್ರೆ ನೀವು ಮೈಸೂರಿಗೆ ಶಿವಮೊಗ್ಗದಲ್ಲಿ ಬದಲಾಯಿಸ್ಕೊಂಡು ಹೋಗ್ಬೇಕಿತ್ತು ಮಾವ."

"ಅದೂ ಹೌದು" ಎಂದರು. ಬ್ರಾಡ್‌ಗೇಜ್ ಬರಲಿ ಎಂದು ಊರಿನವರೇ ಅಲ್ವಾ ವರ್ಷಗಟ್ಟಲೆ ಕೇಳಿದ್ದು. ಆಮೇಲೆ ಅರಸಾಳಿನ ಹಳೇ ಸ್ಟೇಷನ್ ಮ್ಯೂಸಿಯಂ ಆಗಿರುವುದನ್ನು ನೋಡಿಕೊಂಡು ಬಂದ ಸುದ್ದಿ ಹೇಳಿದರು. ಅಲ್ಲಿ ಚಹಾ ಚೆನ್ನಾಗಿತ್ತಂತೆ.

ಮುಂದಿನ ಆಗಸ್ಟ್‌ಗೆ ಆ ಐವತ್ತು ಪೌಂಡ್‌ನವನು ಹೆಸರು ಕೊಟ್ಟಿದ್ದಾನೆ. ಸೋತರೆ ಐವತ್ತು ಎಂದು ನಾನು ಬರೆದಿದ್ದೇನೆ. ಬೂಟಿಗೆ ಟೇಪ್ ಸುತ್ತುವ ವಿಷಯ ಅವನಿಗೆ ಹೇಳಿಲ್ಲ.